ಕರಿ ಕೋಟು ಬಿಚ್ಚಿಟ್ಟ ಮೇಲೆ

"ಸಾರ್, ನಮ್ ಫೈಲ್ ವಾಪಸ್ ಕೊಟ್ಬುಡಿ."

2022ರ ಮಾತು. ಕೋರ್ಟಿನ ಹೊರಗೆ ಮರದ ಕೆಳಗೆ ನಿಂತಿದ್ದ ನನ್ನ ಕಕ್ಷಿದಾರರು ಹೀಗೆ ಅಂದಾಗ ನಾನು ಫೀಸಿನ ವಿಷಯ ಇರಬೇಕು ಅಂದುಕೊಂಡೆ. "ಫೀಸು ನಿಧಾನಕ್ಕೆ ಕೊಡಿ ಗೌಡ್ರೆ, ಈಗೇನು ಅವಸರ" ಅಂದೆ. ಅವರು ತಲೆ ಅಲ್ಲಾಡಿಸಿದರು. ಜೇಬಿನಿಂದ ಮಗನ ಫೋನು ತೆಗೆದು ನನ್ನ ಮುಖಕ್ಕೆ ಹಿಡಿದರು. ಅದರಲ್ಲಿ ನಾನೇ ಬರೆದ ಲೇಖನ ಇತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಯಾಕೆ ಸರಿ ಅಂತ ಬರೆದಿದ್ದು.

"ಇದು ನೀವು ಬರ‍್ದಿರೋದಾ?"

"ಹೂಂ."

"ರಾತ್ರಿ ಹಿಂಗ್ ಬರ‍್ದು ಬೆಳಿಗ್ಗೆ ಜಡ್ಜ್ ಮುಂದೆ ನಮ್ ಪರ ಎಂಗೆ ವಾದ ಮಾಡ್ತೀರಿ? ಅತ್ಲಾಗೆ ನಮ್ ತಂಗಿ ಕಡೆ ಲಾಯರ್ರೇ ಇದನ್ನ ತೋರ‍್ಸುದ್ರೆ?"

ಕೇಸಿನ ವಿವರ ಹೇಳಲ್ಲ. ಯಾವ ತಾಲೂಕಿನ ಕೋರ್ಟು ಅಂತಾನೂ ಹೇಳಲ್ಲ. ಅದು ಕಕ್ಷಿದಾರರ ಸೊತ್ತು, ನನ್ನದಲ್ಲ. ಕಕ್ಷಿದಾರ ವಕೀಲನ ಹತ್ತಿರ ಹೇಳಿಕೊಂಡಿದ್ದು ಆಚೆ ಬರಬಾರದು ಅಂತ ಹಳೇ ಸಾಕ್ಷ್ಯ ಕಾಯ್ದೆಯ 126ನೇ ಕಲಂನಲ್ಲಿತ್ತು, 2024ರ ಜುಲೈ 1ರಿಂದ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ 132ನೇ ಕಲಂ ಆಗಿದೆ. ಮಾತುಕತೆ ಮಾತ್ರ ಹೇಳ್ತಿದೀನಿ, ಯಾಕಂದ್ರೆ ಅದರಲ್ಲಿ ಅರ್ಧ ನಂದು.

ನಾನು ಅವರಿಗೆ ತಿಳಿಸಿ ಹೇಳೋಕೆ ನೋಡಿದೆ. ವಕೀಲ ಅಂದ್ರೆ ಕಕ್ಷಿದಾರನ ಬಾಯಿ, ಅಲ್ಲಿ ನನ್ನ ಅಭಿಪ್ರಾಯ ಯಾರೂ ಕೇಳಲ್ಲ, ಕಾನೂನು ಏನಿದೆಯೋ ಅದರೊಳಗೆ ನಿಮಗೆ ಏನು ಸಿಗಬೇಕೋ ಅದನ್ನ ಕೇಳೋದಷ್ಟೇ ನನ್ನ ಕೆಲಸ ಅಂತ. ಅವರು ಸಾವಧಾನವಾಗಿ ಕೇಳಿಸಿಕೊಂಡರು. ಆಮೇಲೆ ಒಂದೇ ಒಂದು ಪ್ರಶ್ನೆ ಹಾಕಿದರು.

"ಅದ್ಸರಿ ಸಾರ್... ನಿಮ್ಮನೇಲಿ ನಿಮ್ ತಂಗಿಗೆ ಎಷ್ಟು ಕೊಟ್ರಿ?"

ಫೈಲು ಕೊಟ್ಟು ಕಳಿಸಿದೆ. ಬೇರೆ ವಕೀಲರನ್ನ ಹಾಕಿಕೊಳ್ಳೋಕೆ ಒಪ್ಪಿಗೆಯನ್ನೂ ಬರೆದುಕೊಟ್ಟೆ. ಅವರ ಪ್ರಶ್ನೆ ಮಾತ್ರ ಹೋಗಲಿಲ್ಲ. ಅದನ್ನ ಕೊನೆಗೆ ಹೇಳ್ತೀನಿ.

*

ನನ್ನ ದಿನ ಹೇಗಿರುತ್ತೆ ಅಂತ ಸ್ವಲ್ಪ ಹೇಳಬೇಕು. ರಾಮನಗರದಲ್ಲಿ ಆಫೀಸು. ಸೋಮವಾರ ಇಲ್ಲೇ, ಮಂಗಳವಾರ ಚನ್ನಪಟ್ಟಣ, ನಡುವೆ ಕನಕಪುರ, ಕೆಲವೊಮ್ಮೆ ಮಾಗಡಿ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಈ ನಾಲ್ಕು ತಾಲೂಕು ಕಿತ್ತು ಜಿಲ್ಲೆ ಮಾಡಿದರು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತಾಯ್ತು. ಕಾಗದದ ಮೇಲೆ ಹಾಗೇ ಬರೀತೀವಿ, ಬಾಯಲ್ಲಿ ರಾಮನಗರವೇ ಬರುತ್ತೆ. ನಮ್ಮಜ್ಜಿ ಸಾಯೋ ತನಕ ಕ್ಲೋಸ್‌ಪೇಟೆ ಅಂತಲೇ ಅಂತಿದ್ರು, ಹಂಗೆ.

ಕೇಸುಗಳೂ ಈ ನೆಲದವೇ. ವಿಭಾಗದ ದಾವೆ, ಪೋಡಿ ತಕರಾರು, ದಾರಿ ತಕರಾರು, ಚೆಕ್ ಬೌನ್ಸು, ಜೀವನಾಂಶ. ಬೆಂಗಳೂರು ಹತ್ತಿರ ಬಂದಷ್ಟೂ ಗುಂಟೆಯ ರೇಟು ಏರುತ್ತೆ, ರೇಟು ಏರಿದಷ್ಟೂ ಅಣ್ಣ ತಮ್ಮ ಅಕ್ಕ ತಂಗಿ ದೂರ ಆಗ್ತಾರೆ. ಮುವ್ವತ್ತು ವರ್ಷ ಯಾರೂ ತಿರುಗಿ ನೋಡದ ಬಂಡೆ ಜಮೀನಿಗೆ ಈಗ ಆರು ಜನ ವಾದಿಗಳು.

ಸಂಜೆ ಆರೂವರೆಗೆ ಕರಿ ಕೋಟು ಬಿಚ್ಚಿ ಮೊಳೆಗೆ ಹಾಕ್ತೀನಿ. ಊಟ ಆದಮೇಲೆ ಕೂತು ಬರೀತೀನಿ. ಹೊಸ ಕಾಯ್ದೆ, ದೊಡ್ಡ ತೀರ್ಪು, ವಾಕ್ ಸ್ವಾತಂತ್ರ್ಯ, ಪೊಲೀಸರ ಅಧಿಕಾರ, ಮೀಸಲಾತಿ, ಚುನಾವಣೆ... ನನ್ನ ನಿಲುವು ಏನು ಅಂತ ಓದುವವರಿಗೆ ಗೊತ್ತು. ಪ್ರತಿಯೊಬ್ಬನೂ ಮೊದಲು ಒಬ್ಬ ಮನುಷ್ಯ, ಆಮೇಲೆ ಜಾತಿ ಧರ್ಮ ಪಕ್ಷ. ಸರ್ಕಾರ ಯಾವ ಪಕ್ಷದ್ದೇ ಇರಲಿ, ಅದರ ಕೈಗೆ ಸಿಕ್ಕ ಅಧಿಕಾರವನ್ನ ಅನುಮಾನದಿಂದಲೇ ನೋಡಬೇಕು. ಇದಕ್ಕೆ ಲಿಬರಲ್ ಅಂತಾರಂತೆ. ಈಗ ಅದು ಬೈಗುಳ ಆಗಿದೆ, ಇರಲಿ.

ಇದನ್ನ ನಾನು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮಪ್ಪ ರೇಷ್ಮೆ ಬೆಳೆಗಾರ. ಚಂದ್ರಿಕೆಯಿಂದ ಗೂಡು ಬಿಡಿಸಿ, ಚೀಲಕ್ಕೆ ತುಂಬಿ, ರಾಮನಗರದ ಗೂಡಿನ ಮಾರ್ಕೆಟ್ಟಿಗೆ ತರೋರು. ನಾನೂ ಜೊತೆಗೆ ಬರ‍್ತಿದ್ದೆ. ಕೊಳ್ಳೋ ರೀಲರುಗಳಲ್ಲಿ ಬಹಳಷ್ಟು ಜನ ಮುಸಲ್ಮಾನರು, ಮಾರೋ ರೈತರಲ್ಲಿ ಬಹಳಷ್ಟು ಜನ ನಮ್ಮೋರು. ಬೆಲೆಗೆ ಕಿತ್ತಾಡೋರು, ತೂಕಕ್ಕೆ ಕಿತ್ತಾಡೋರು, ಆಮೇಲೆ ಒಟ್ಟಿಗೆ ಟೀ ಕುಡಿಯೋರು. ಯಾರೂ ಯಾರಿಗೂ ಉಪಕಾರ ಮಾಡ್ತಿರಲಿಲ್ಲ. ಗೂಡು ಇಲ್ಲದೆ ಅವರ ಒಲೆ ಉರಿಯಲ್ಲ, ಅವರು ಕೊಳ್ಳದೆ ನಮ್ಮ ಒಲೆ ಉರಿಯಲ್ಲ. ನಿಯಮ ಎಲ್ಲರಿಗೂ ಒಂದೇ, ಹರಾಜು ಎಲ್ಲರ ಕಣ್ಮುಂದೆ. ನನಗೆ ಸಂವಿಧಾನ ಮೊದಲು ಅರ್ಥ ಆಗಿದ್ದು ಅಲ್ಲಿ ಅಂತ ಈಗ ಅನ್ನಿಸುತ್ತೆ.

*

ಬರೆಯೋಕೆ ಶುರು ಮಾಡಿದ ಹೊಸದರಲ್ಲಿ ನನ್ನ ಸೀನಿಯರು ಒಂದು ದಿನ ಕರೆದು ಕೂರಿಸಿಕೊಂಡರು. "ಏನಯ್ಯಾ, ಪ್ರಾಕ್ಟೀಸ್ ಮಾಡ್ತೀಯೋ, ಪತ್ರಿಕೆ ನಡೆಸ್ತೀಯೋ? ಬಾರ್ ಕೌನ್ಸಿಲ್ ನಿಯಮ ಓದಿದೀಯಾ?"

ಓದಿರಲಿಲ್ಲ, ನಿಜ ಹೇಳಬೇಕಂದ್ರೆ. ಪರೀಕ್ಷೆಗೆ ಓದಿದ್ದು ಪರೀಕ್ಷೆಗೇ ಮುಗಿದಿತ್ತು. ಅವತ್ತು ರಾತ್ರಿ ಕೂತು ಓದಿದೆ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲ ತನ್ನ ಕೆಲಸದ ಜಾಹೀರಾತು ಮಾಡುವಂತಿಲ್ಲ, ಕೇಸು ಹುಡುಕಿಕೊಂಡು ಹೋಗುವಂತಿಲ್ಲ. ನಾನು ಗೆದ್ದ ಕೇಸಿನ ಬಗ್ಗೆ ಹೊಗಳಿಕೊಂಡು ಬರೆದರೆ ಅದು ಜಾಹೀರಾತೇ. 2008ರಲ್ಲಿ ಸ್ವಲ್ಪ ಸಡಿಲ ಮಾಡಿದರು. ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ಯಾವ ಬಗೆಯ ಕೇಸು ನಡೆಸ್ತೀವಿ ಅನ್ನೋದನ್ನ ಜಾಲತಾಣದಲ್ಲಿ ಹಾಕಬಹುದು, ಅಷ್ಟೇ.

ಆದರೆ 51ನೇ ನಿಯಮ ಓದಿ ಜೀವ ಬಂತು. ವಕೀಲ ಕಾನೂನು ಪುಸ್ತಕ ಸಂಪಾದಿಸಬಹುದು, ಪರೀಕ್ಷೆಗೆ ಪಾಠ ಹೇಳಬಹುದು. ಜಾಹೀರಾತಿನ ನಿಯಮ ಮೀರದೆ, ಪೂರ್ಣಾವಧಿ ಕೆಲಸ ಮಾಡಿಕೊಳ್ಳದೆ ಇದ್ದರೆ ಪತ್ರಿಕೋದ್ಯಮ, ಉಪನ್ಯಾಸ ಎಲ್ಲ ಮಾಡಬಹುದು ಅಂತ ಅಲ್ಲಿದೆ. ಆದರೂ ಗೆರೆ ತೆಳ್ಳಗೇ ಇದೆ. 2024ರ ಡಿಸೆಂಬರ್‌ನಲ್ಲಿ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ, ವಕೀಲಿಕೆ ಮಾಡುತ್ತಲೇ ಪತ್ರಕರ್ತನೂ ಆಗಿರುವಂತಿಲ್ಲ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಸುಪ್ರೀಂ ಕೋರ್ಟಿಗೆ ತಿಳಿಸಿತು. ನಾನು ಪತ್ರಕರ್ತ ಅಲ್ಲ, ಒಂದು ಪೈಸೆ ಸಂಬಳ ಇಲ್ಲ. ಆದರೂ ಅದನ್ನ ಓದಿದ ದಿನ ಎದೆ ಡವಡವ ಅಂದಿತ್ತು.

ಇನ್ನು ನ್ಯಾಯಾಂಗ ನಿಂದನೆ. 1971ರ ಕಾಯ್ದೆಯ 5ನೇ ಕಲಂ ಸ್ಪಷ್ಟವಾಗಿದೆ. ವಿಚಾರಣೆ ಆಗಿ ಅಂತಿಮವಾಗಿ ತೀರ್ಮಾನವಾದ ಪ್ರಕರಣದ ಗುಣಾವಗುಣದ ಬಗ್ಗೆ ನ್ಯಾಯಯುತವಾಗಿ ಟೀಕೆ ಮಾಡಿದರೆ ನಿಂದನೆ ಅಲ್ಲ. 2006ರ ತಿದ್ದುಪಡಿ ಆದಮೇಲೆ, ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯವನ್ನ ಸಮರ್ಥನೆಯಾಗಿ ಒಪ್ಪಿಕೊಳ್ಳೋಕೂ ಅವಕಾಶ ಇದೆ. ಹಾಗಂತ ನಿರಾಳ ಇರೋಕಾಗಲ್ಲ. 2020ರ ಆಗಸ್ಟ್‌ನಲ್ಲಿ ಎರಡು ಟ್ವೀಟ್‌ಗೆ ಪ್ರಶಾಂತ್ ಭೂಷಣ್ ತಪ್ಪಿತಸ್ಥ ಅಂತಾಯ್ತು, ಒಂದು ರೂಪಾಯಿ ದಂಡ ಬಿತ್ತು. ಒಂದು ರೂಪಾಯಿ ಅಂತ ನಗಬೇಡಿ. ಕಟ್ಟದಿದ್ದರೆ ಮೂರು ತಿಂಗಳು ಜೈಲು, ಮೂರು ವರ್ಷ ಸುಪ್ರೀಂ ಕೋರ್ಟಿನಲ್ಲಿ ಪ್ರಾಕ್ಟೀಸ್ ಇಲ್ಲ ಅಂತ ಆದೇಶ ಇತ್ತು. ದಿಲ್ಲಿಯ ದೊಡ್ಡ ವಕೀಲರಿಗೆ ಅದು ಸುದ್ದಿ, ನನ್ನಂಥ ತಾಲೂಕು ಕೋರ್ಟಿನವನಿಗೆ ಅದು ಹೆಂಡತಿ ಮಕ್ಕಳ ಊಟ.

ಹಾಗಾಗಿ ನಾನು ಮೂರು ಕಟ್ಟಳೆ ಹಾಕಿಕೊಂಡೆ. ನನ್ನ ಕೇಸು, ನನ್ನ ಎದುರು ವಕೀಲರ ಕೇಸು ಬರೆಯಲ್ಲ. ತೀರ್ಪಿನ ಪ್ರತಿ ಪೂರ್ತಿ ಓದದೆ, ಬರೀ ಟಿವಿ ನೋಡಿ ಬರೆಯಲ್ಲ. ತೀರ್ಪನ್ನ ಬಯ್ತೀನಿ, ತೀರ್ಪು ಕೊಟ್ಟವರನ್ನ ಬಯ್ಯಲ್ಲ.

ಮೂರನ್ನೂ ಪಾಲಿಸಿದೀನಿ. ಆದರೂ ಇನ್ನೊಂದು ಕಟ್ಟಳೆ ಬೇಕಿತ್ತು ಅಂತ ಆಮೇಲೆ ಗೊತ್ತಾಯ್ತು.

*

ಸೀನಿಯರ್ ಹತ್ತಿರ ನಾನು ಯಾವಾಗಲೂ ಎತ್ತುತ್ತಿದ್ದ ಹೆಸರು ಒಂದೇ, ಕೆಂಗಲ್ ಹನುಮಂತಯ್ಯ. ನಮ್ಮ ರಾಮನಗರದ ಪಕ್ಕದ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದವರು. ಪುಣೆಯಲ್ಲಿ ಕಾನೂನು ಓದಿ ವಕೀಲರಾದವರು, ಚಳವಳಿಗೆ ಬಿದ್ದು ಜೈಲು ಕಂಡವರು. ವಿಧಾನಸೌಧ ಕಟ್ಟಿಸಿದವರು ಅಂತ ಎಲ್ಲರಿಗೂ ಗೊತ್ತು. ನನಗೆ ಅವರು ಇಷ್ಟ ಆಗೋದು ಬೇರೆ ಎರಡು ಕಾರಣಕ್ಕೆ.

ಮೊದಲನೆಯದು. ಅವರು ಸಂವಿಧಾನ ರಚನಾ ಸಭೆಯ ಸದಸ್ಯರು. 1949ರ ನವೆಂಬರ್‌ನಲ್ಲಿ, ಸಂವಿಧಾನ ಇನ್ನೇನು ಮುಗೀತು, ಎಲ್ಲರೂ ಪರಸ್ಪರ ಅಭಿನಂದನೆ ಹೇಳಿಕೊಳ್ಳೋ ಹೊತ್ತಲ್ಲಿ, ಇವರು ಎದ್ದು ನಿಂತು ಒಂದು ಮಾತು ಹೇಳಿದರು. ನಮಗೆ ಬೇಕಿದ್ದದ್ದು ವೀಣೆಯದೋ ಸಿತಾರಿನದೋ ನಾದ, ಸಿಕ್ಕಿರೋದು ಇಂಗ್ಲಿಷ್ ಬ್ಯಾಂಡ್ ಸೆಟ್ಟು ಅನ್ನೋ ಅರ್ಥದ ಮಾತು. ಆ ಟೀಕೆಯನ್ನ ನಾನು ಪೂರ್ತಿ ಒಪ್ಪಲ್ಲ. ಆ ಬ್ಯಾಂಡಿನ ಸದ್ದಿಗೇ ನಮ್ಮಂಥ ಎಷ್ಟೋ ಜನ ಎದ್ದು ಕೂತದ್ದು. ಆದರೆ ನೋಡಿ, ಆ ಸಭೆಯೊಳಗೇ ಕೂತು ಆ ಸಭೆಯ ಕೆಲಸವನ್ನ ಮುಖಕ್ಕೆ ಮುಖ ಟೀಕಿಸಿದರು. ಯಾರೂ ಅವರನ್ನ ದೇಶದ್ರೋಹಿ ಅನ್ನಲಿಲ್ಲ. 1952ರಲ್ಲಿ ಅದೇ ಸಂವಿಧಾನದ ಕೆಳಗೆ ಮುಖ್ಯಮಂತ್ರಿಯಾಗಿ ಕೆಲಸ ಮಾಡಿದರು.

ಎರಡನೆಯದು ಏಕೀಕರಣ. ಹಳೇ ಮೈಸೂರಿನ ಒಕ್ಕಲಿಗ ಮುಖಂಡರಲ್ಲಿ ತುಂಬಾ ಜನಕ್ಕೆ ಅದು ಬೇಡವಾಗಿತ್ತು. ಉತ್ತರದ ಜಿಲ್ಲೆಗಳು ಸೇರಿದರೆ ನಮ್ಮ ಕೈ ಕೆಳಗಾಗುತ್ತೆ ಅನ್ನೋ ಲೆಕ್ಕ. ಹನುಮಂತಯ್ಯನವರೂ ಒಕ್ಕಲಿಗರೇ. ಆದರೂ ಏಕೀಕರಣದ ಪರ ನಿಂತರು. 1956ರ ಆಗಸ್ಟ್‌ನಲ್ಲಿ ಅಧಿಕಾರ ಹೋಯ್ತು. ನವೆಂಬರ್ 1ಕ್ಕೆ ಕನ್ನಡಿಗರ ರಾಜ್ಯ ಒಂದಾದಾಗ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪನವರು. ತನ್ನವರಿಗೆ ಬೇಡವಾದ ಮಾತನ್ನ ತನ್ನವರ ಮುಂದೆಯೇ ಆಡಿ ಖರ್ಚು ತಾನೇ ಹೊತ್ತುಕೊಂಡರು.

ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳಿದರೆ ಸೀನಿಯರು ನಗೋರು. "ಅವರು ಹನುಮಂತಯ್ಯ ಕಣಯ್ಯ. ನಿಂಗೆ ತಿಂಗಳಿಗೆ ಎಷ್ಟು ಕೇಸು ಬರುತ್ತೆ, ಅದು ಹೇಳು."

*

ನಾನು ಹನುಮಂತಯ್ಯ ಅಲ್ಲ ಅಂತ ನನಗೇ ಗೊತ್ತಾಗಿದ್ದು 2024ರ ಫೆಬ್ರವರಿಯಲ್ಲಿ.

ಆ ವರ್ಷ ಜನವರಿ 31ಕ್ಕೆ ವಾರಾಣಸಿಯ ಜಿಲ್ಲಾ ನ್ಯಾಯಾಲಯ ಜ್ಞಾನವಾಪಿಯ ನೆಲಮಾಳಿಗೆಯಲ್ಲಿ ಪೂಜೆಗೆ ಅವಕಾಶ ಕೊಟ್ಟಿತು. ಆ ನ್ಯಾಯಾಧೀಶರ ಬಗ್ಗೆ ರಾಮನಗರದ ವಕೀಲರೊಬ್ಬರು ಸಾಮಾಜಿಕ ಜಾಲತಾಣದಲ್ಲಿ ಹಾಕಿದ ಪೋಸ್ಟ್ ಅವಹೇಳನಕಾರಿ ಅಂತ ಗದ್ದಲ ಶುರುವಾಯ್ತು. ವಕೀಲರ ಸಂಘದಲ್ಲಿ ಜಟಾಪಟಿ, ದೂರು, ಪ್ರತಿದೂರು. 40 ವಕೀಲರ ಮೇಲೆ ಎಫ್‌ಐಆರ್ ಆಯ್ತು. ವಕೀಲರು ಧರಣಿ ಕೂತರು, ಬೇರೆ ಊರುಗಳಿಂದಲೂ ವಕೀಲರು ಬಂದರು, ಮಾತು ವಿಧಾನಸಭೆಗೂ ಹೋಯ್ತು. ಕೊನೆಗೆ ಸಬ್ ಇನ್ಸ್‌ಪೆಕ್ಟರ್ ಅಮಾನತಾದರು. ಎರಡು ವಾರ ಟಿವಿಯಲ್ಲಿ ನಮ್ಮೂರೇ.

ನಾನು ವರ್ಷಗಟ್ಟಲೆ ಬರೆದದ್ದೆಲ್ಲ ಅವತ್ತು ನನ್ನ ಬಾಗಿಲಿಗೇ ಬಂದು ನಿಂತಿತ್ತು. ತೀರ್ಪನ್ನ ಟೀಕಿಸೋಕೂ ನ್ಯಾಯಾಧೀಶರನ್ನ ಅವಮಾನಿಸೋಕೂ ಗೆರೆ ಎಲ್ಲಿ? ಕೆಟ್ಟ ಮಾತಿಗೆ ಉತ್ತರ ಮಾತೋ, ಪೊಲೀಸ್ ಠಾಣೆಯೋ? ಒಂದೇ ಬೀಸಿಗೆ ನಲವತ್ತು ಜನರ ಮೇಲೆ ಎಫ್‌ಐಆರ್ ಹಾಕೋದು ಅಂದ್ರೇನು? 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 66ಎ ಕಲಮನ್ನ ರದ್ದು ಮಾಡಿದಾಗ, ಚರ್ಚೆ, ಸಮರ್ಥನೆ, ಪ್ರಚೋದನೆ ಮೂರೂ ಬೇರೆಬೇರೆ, ಪ್ರಚೋದನೆಯ ಮಟ್ಟ ಮುಟ್ಟಿದ ಮೇಲಷ್ಟೇ ಕಾನೂನು ಕೈ ಹಾಕಬೇಕು ಅಂತ ವಿವರಿಸಿತ್ತು. ಅದರ ಮೇಲೆ ನಾನೇ ಉದ್ದುದ್ದ ಬರೆದಿದ್ದೆ. ಈಗ ಎರಡೂ ಕಡೆಗೆ ಹೇಳಬೇಕಾದ್ದು ನನ್ನ ಹತ್ತಿರ ಇತ್ತು.

ಬರೀಲಿಲ್ಲ.

ಬರೆದಿದ್ದೆ, ಸುಳ್ಳು ಯಾಕೆ. ಎರಡು ಸಲ ಬರೆದು ಎರಡು ಸಲ ಅಳಿಸಿದೆ. ಒಂದು ವಾಕ್ಯ ಬರೆದರೆ ಕ್ಯಾಂಟೀನಿನ ಈ ಟೇಬಲ್ಲು ಹೋಗುತ್ತೆ, ಇನ್ನೊಂದು ಬರೆದರೆ ಆ ಟೇಬಲ್ಲು ಹೋಗುತ್ತೆ. ಎಲ್ಲರೂ ಗೆಳೆಯರು. ದಿನಾ ಬೆಳಗಾದರೆ ನೋಡೋ ಮುಖಗಳು. ದಿಲ್ಲಿಯ ಸುಪ್ರೀಂ ಕೋರ್ಟಿನ ಬಗ್ಗೆ ಧೈರ್ಯವಾಗಿ ಬರೆಯೋದು ಸುಲಭ ಸ್ವಾಮಿ. ಪಕ್ಕದ ಕುರ್ಚಿಯವರ ಬಗ್ಗೆ ಬರೆಯೋದು ಕಷ್ಟ.

ಆ ಎರಡು ವಾರ ನಾನು ಏನು ಬರೆದೆ ಗೊತ್ತಾ? ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಯಾವ ಕಲಂ ಯಾವ ನಂಬರ್ ಆಗುತ್ತೆ ಅಂತ. 420 ಹೋಗಿ 318 ಆಗುತ್ತೆ, 302 ಹೋಗಿ 103 ಆಗುತ್ತೆ. ತುಂಬಾ ಉಪಯುಕ್ತ ಮಾಹಿತಿ ಅಂತ ಎಲ್ಲರೂ ಹೊಗಳಿದರು.

*

ಈಗ ಆ ಗೌಡರ ಪ್ರಶ್ನೆ.

ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಇಡೀ ದೇಶಕ್ಕಿಂತ ಹನ್ನೊಂದು ವರ್ಷ ಮೊದಲು. ಆದರೆ ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಇಲ್ಲ ಅಂತ ಒಂದು ಕೊಕ್ಕೆ ಇತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಕೊಕ್ಕೆ ತೆಗೀತು. ಅಪ್ಪ ಆ ದಿನ ಬದುಕಿರಬೇಕೋ ಬೇಡವೋ ಅನ್ನೋ ಗೊಂದಲವನ್ನ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪು ಬಗೆಹರಿಸಿತು. ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನಿಂದ ಬರೋದು ಅಂತ. ನನ್ನ ಲೇಖನ ಇದರ ಮೇಲೇ ಇತ್ತು. ಚೆನ್ನಾಗಿತ್ತು ಅಂತ ನಾನೇ ಹೇಳಿಕೊಳ್ಳಬಹುದು.

ಅಪ್ಪ ಹೋದ ಮೇಲೆ, 2012ರಲ್ಲಿ, ನನ್ನ ತಂಗಿ ಚನ್ನಪಟ್ಟಣದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನನ್ನ ಹೆಸರಿಗೆ ಹಕ್ಕು ಖುಲಾಸೆ ಪತ್ರ ಬರೆದುಕೊಟ್ಟಳು. ಎರಡು ಎಕರೆ ಹಿಪ್ಪುನೇರಳೆ ತೋಟ. "ಸ್ವಂತ ಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ" ಅಂತ ಅದರಲ್ಲಿದೆ. ಆ ಸಾಲು ಯಾರು ಬರೆಸಿದ್ದು ಅಂತ ಕೇಳಬೇಡಿ. ಕರಡು ನಂದೇ. ಅವಳು ಓದಲಿಲ್ಲ, ನಾನು ಓದಿ ಹೇಳಲೂ ಇಲ್ಲ. ಹೆಬ್ಬೆಟ್ಟು, ಫೋಟೋ, ಸಹಿ. ಹೊರಗೆ ಬಂದು ಮೂವರೂ ದೋಸೆ ತಿಂದ್ವಿ. ಅಮ್ಮ ಅವಳಿಗೆ ಒಂದು ಸೀರೆ ಕೊಡಿಸಿದರು.

ಮಗಳಿಗೆ ಸೀರೆ, ಮಗನಿಗೆ ಭೂಮಿ. ಇದನ್ನ ಎಷ್ಟು ಕೋರ್ಟಲ್ಲಿ ಎಷ್ಟು ಸಲ ನೋಡಿದೀನೋ. ನನ್ನ ಮನೆಯಲ್ಲಿ ನಡೆದಾಗ ಮಾತ್ರ ಅದು ಪ್ರೀತಿ ಅನ್ನಿಸಿತ್ತು.

ಗೌಡರು ಕೇಳಿದ ಮೇಲೂ ಎರಡು ವರ್ಷ ನಾನು ಸುಮ್ಮನಿದ್ದೆ. ಖುಲಾಸೆ ಪತ್ರ ಕಾನೂನು ಪ್ರಕಾರ ಸರಿಯಾಗೇ ಇದೆ, ಅವಳು ಕೇಳಿಲ್ಲವಲ್ಲ, ಭಾವ ಏನಂದುಕೊಳ್ತಾರೋ... ಎಷ್ಟೋ ಪ್ರತಿವಾದಿಗಳ ಬಾಯಲ್ಲಿ ಕೇಳಿದ ಮಾತುಗಳೇ. ಫೆಬ್ರವರಿಯಲ್ಲಿ ಆ ಎರಡು ಲೇಖನ ಅಳಿಸಿದ ಮೇಲೆ ಮನಸ್ಸು ಸರಿಯಿರಲಿಲ್ಲ. ಒಂದು ಭಾನುವಾರ ಕನಕಪುರಕ್ಕೆ ಹೋದೆ. ಅವಳು ಅವರೆಕಾಯಿ ಸುಲೀತಿದ್ದಳು. ನಾನೂ ಕೂತು ಸುಲಿಯುತ್ತಾ ವಿಷಯ ಎತ್ತಿದೆ.

ಅವಳು ಅಳಲಿಲ್ಲ, ಖುಷಿಪಡಲೂ ಇಲ್ಲ. "ಅಣ್ಣ, ಅವತ್ತು ನೀನು ಕೇಳಿದ್ರೂ ನಾನು ಬೇಡ ಅಂತಿದ್ದೆ. ತವರು ಬೇಕಲ್ಲ ನಂಗೆ. ಆದ್ರೆ ನೀನು ಕೇಳಲೇ ಇಲ್ಲ. ಇಲ್ಲಿ ಸೈನ್ ಹಾಕು ಅಂತ ತೋರ‍್ಸಿದೆ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದಳು, "ನೀನು ಬರೆಯೋದೆಲ್ಲ ಓದ್ತೀನಿ. ಆ ಹೆಣ್ಮಕ್ಕಳ ಪಾಲಿನ ಬಗ್ಗೆ ಬರ‍್ದಿದ್ಯಲ್ಲ, ಅದನ್ನೂ ಓದ್ದೆ. ನಮ್ಮ ಓಣೀಲಿ ಎಲ್ರಿಗೂ ಕಳಿಸ್ದೆ, ನಮ್ಮಣ್ಣ ಬರ‍್ದಿದ್ದು ಅಂತ."

ನನಗೆ ಕೂತಲ್ಲಿ ಕೂರೋಕಾಗಲಿಲ್ಲ.

ಅದೇ ವರ್ಷದ ಕೊನೆಗೆ ಒಂದು ಎಕರೆ ಅವಳ ಹೆಸರಿಗೆ ದಾನಪತ್ರ ಆಯ್ತು. ದಾನ ಅನ್ನೋ ಪದ ಬೇಡವಾಗಿತ್ತು, ಅವಳದ್ದನ್ನ ಅವಳಿಗೆ ಕೊಡೋಕೆ ಯಾವ ದಾನ? ಕಾಗದಕ್ಕೆ ಆ ಪದವೇ ಬೇಕಿತ್ತು. ಈ ಸಲ ಪತ್ರ ಪೂರ್ತಿ ಅವಳೇ ಓದಿದಳು. ಒಂದು ಕಡೆ ಚಕ್ಕುಬಂದಿಯಲ್ಲಿ ತಪ್ಪಿತ್ತು, ಅವಳೇ ಹುಡುಕಿ ತೋರಿಸಿದಳು.

ಇದನ್ನ ಇಷ್ಟು ದಿನ ಬರೀದೆ ಇದ್ದದ್ದು, ಬರೆದರೆ ಹೆಚ್ಚುಗಾರಿಕೆ ಕೊಚ್ಚಿಕೊಂಡ ಹಾಗೆ ಆಗುತ್ತೆ ಅಂತ. ಆದರೆ ಇದರಲ್ಲಿ ಕೊಚ್ಚಿಕೊಳ್ಳೋಕೆ ಏನೂ ಇಲ್ಲ. ಹನ್ನೆರಡು ವರ್ಷ ತಡ, ಅದೂ ಕಕ್ಷಿದಾರರೊಬ್ಬರು ಚುಚ್ಚಿದ ಮೇಲೆ.

*

ಹಾಗಾದ್ರೆ ಬರೆಯೋದು ಬಿಡಬೇಕಿತ್ತಾ? ಯೋಚಿಸಿದ್ದೆ. ಬಿಡಲಿಲ್ಲ.

ಯಾಕಂದ್ರೆ ಕೋರ್ಟಿನ ಕಾರಿಡಾರಲ್ಲಿ ದಿನಾ ಒಂದು ದೃಶ್ಯ ನೋಡ್ತೀನಿ. ಹೈಕೋರ್ಟಿನಿಂದ ಬಂದ ಆದೇಶ ಹಿಡಿದುಕೊಂಡು ಒಬ್ಬ ಅಜ್ಜ ನಿಂತಿರ್ತಾರೆ, "ಇದ್ರಲ್ಲಿ ಏನದೆ ಒಸಿ ನೋಡಿ ಸ್ವಾಮಿ" ಅಂತ. ಗೆದ್ದಿದ್ದಾರೋ ಸೋತಿದ್ದಾರೋ ಅವರಿಗೇ ಗೊತ್ತಿಲ್ಲ. ಸಂವಿಧಾನದ 348ನೇ ವಿಧಿ ಪ್ರಕಾರ ಹೈಕೋರ್ಟು, ಸುಪ್ರೀಂ ಕೋರ್ಟಿನ ಭಾಷೆ ಇಂಗ್ಲಿಷು. 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ ಒಂದು ತೀರ್ಪನ್ನ ಕನ್ನಡದಲ್ಲೂ ಕೊಟ್ಟಾಗ ಅದು ದೊಡ್ಡ ಸುದ್ದಿಯಾಯ್ತು. ಸುದ್ದಿಯಾಯ್ತು ಅನ್ನೋದೇ ಹೇಳುತ್ತೆ, ಅದು ಎಷ್ಟು ಅಪರೂಪ ಅಂತ. ಹನುಮಂತಯ್ಯನವರ ಬ್ಯಾಂಡ್ ಸೆಟ್ಟಿನ ಮಾತು ಇಲ್ಲಿ ನನಗೆ ನಿಜ ಅನ್ನಿಸುತ್ತೆ. ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ 'ಸಂವಿಧಾನ ಓದು' ಅಷ್ಟು ಜನರ ಕೈಗೆ ಹೋಗಿದ್ದು ಸುಮ್ಮನೆ ಅಲ್ಲ. ಕನ್ನಡದಲ್ಲಿ ಹೇಳೋರು ಬೇಕು.

ಆದರೆ ನಾಲ್ಕನೇ ಕಟ್ಟಳೆ ಸೇರಿಸಿಕೊಂಡಿದೀನಿ. ಬರೆದದ್ದನ್ನ ಹಾಕೋ ಮೊದಲು ಒಂದು ಸಲ ನನ್ನ ಮನೆ, ನನ್ನ ಆಫೀಸು, ನನ್ನ ಪಕ್ಕದ ಕುರ್ಚಿ ನೋಡಿಕೊಳ್ಳೋದು. ಅಲ್ಲಿ ಹೇಳೋಕಾಗದ ಮಾತನ್ನ ದಿಲ್ಲಿಗೆ ಹೇಳ್ತಿದೀನಾ ಅಂತ ಕೇಳಿಕೊಳ್ಳೋದು. ಇದರಿಂದ ನಾನು ಬರೆಯೋದು ಕಡಿಮೆ ಆಗಿದೆ. ಫೆಬ್ರವರಿ 2024ರ ಲೇಖನ ಇನ್ನೂ ಬಾಕಿ ಇದೆ. ಇವತ್ತು ಬರೆದದ್ದು ಅದರ ಮುಂಗಡ ಅಂದುಕೊಳ್ಳಿ.

ಮೊನ್ನೆ ಆ ಗೌಡರು ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ದರು. ಕೇಸು ಏನಾಯ್ತು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. "ಇನ್ನೂ ಬರೀತಿದೀರಾ?" ಅಂದ್ರು. ಹೂಂ ಅಂದೆ. "ಬರೀರಿ, ಬರೀರಿ" ಅಂತ ಬಸ್ ಹತ್ತಿಬಿಟ್ಟರು. ಹಾರೈಕೆಯೋ ಲೇವಡಿಯೋ ಇನ್ನೂ ಗೊತ್ತಾಗಿಲ್ಲ.

ಹಗಲು ಬೇರೆ ಕೆಲಸ ಮಾಡಿ ರಾತ್ರಿ ಬರೆಯೋ ನಿಮಗೂ ಇಂಥದ್ದೊಂದು ಬಾಕಿ ಇರಬಹುದು. ಪುರುಸೊತ್ತಾದಾಗ ಬರೀರಿ, ಓದ್ತೀನಿ. ನಾಳೆ ಬೆಳಿಗ್ಗೆ ಚನ್ನಪಟ್ಟಣದಲ್ಲಿ ಪಾಟಿ ಸವಾಲಿದೆ, ಮಲಗಬೇಕು.